ಹುಂಜ ಕಾಣದ ಮೊಟ್ಟೆಗಳ ಮಹಾವಿಜಯ

ತೊಂಬತ್ತರ ದಶಕದ ಕೊನೆಯಲ್ಲಿ ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಒಂದು ಮೈಕ್ರೋಸ್ಕೋಪು, ಕೆಲವು ಕುಂಟುವ ಸ್ಟೂಲು ಮತ್ತು ಕ್ಯಾನ್ಸರನ್ನು ಸೋಲಿಸುವ ಸಂಕಲ್ಪ ಇದ್ದವು. ಸಂಕಲ್ಪ ನನ್ನ ಪಕ್ಕದ ಮೇಜಿನ ಸಂಶೋಧಕಿಯದು. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳಗಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಆ ನಾಳಗಳನ್ನೇ ತಡೆದರೆ ಅದು ಉಪವಾಸ ಬೀಳುತ್ತದೆ. ತಡೆಯಲೆಂದು ಆಕೆ ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿ ಒಂದು ಪೆಪ್ಟೈಡ್ ಸಿದ್ಧಪಡಿಸಿದ್ದಳು. ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಅದು ಕೆಲಸ ಮಾಡುತ್ತದೆಂದು ತೋರಿಸದಿದ್ದರೆ ಪೆಪ್ಟೈಡೂ ಇಲ್ಲ, ಪಿಎಚ್‌ಡಿಯೂ ಇಲ್ಲ.

ಪರೀಕ್ಷೆ ನಡೆಯಬೇಕಾದದ್ದು ಕೋಳಿಮೊಟ್ಟೆಯಲ್ಲಿ. ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ಕೊರೆದು, ಮದ್ದಿನಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ ಇಟ್ಟು, ಒಳಪೊರೆಯಲ್ಲಿ ನಾಳಗಳು ಚಿಗುರುತ್ತವೋ ಇಲ್ಲವೋ ನೋಡುವುದು. ನಮ್ಮ ವಿಭಾಗದಲ್ಲಿ ಗುರುಗಳಿಂದ ಹಿಡಿದು ನನ್ನವರೆಗೆ ಯಾರೂ ಮೊಟ್ಟೆ ಮುಟ್ಟಿದ ವಂಶದವರಲ್ಲ. ಆಕೆಯ ಮನೆಯಂತೂ ಶರಣಬಸವೇಶ್ವರ ಗುಡಿಯ ಹಿಂದೆಯೇ. ಸ್ಟೇಶನ್ ಬಜಾರದಿಂದ ಶುಭ್ರ ಬಿಳಿ ಮೊಟ್ಟೆಗಳು ಬಂದವು. ಭಕ್ತಿಯಿಂದ ಕಾವು ಕೊಟ್ಟೆವು.

ಕೆಲವು ದಿನಗಳ ಬಳಿಕ ತೆರೆದರೆ, ಮದ್ದು ಇಟ್ಟ ಮೊಟ್ಟೆಗಳಲ್ಲಿ ಒಂದೇ ಒಂದು ನಾಳವಿಲ್ಲ. ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮಿರ್ಚಿ ಭಜಿಗೆ ಆಜ್ಞೆಯಾಯಿತು.

ಭಜಿ ಬರುವ ಮೊದಲೇ ಆಕೆ, ಹೋಲಿಸಿ ನೋಡಲೆಂದು ಬರೀ ಉಪ್ಪುನೀರು ಹಾಕಿದ್ದ ಮೊಟ್ಟೆಗಳನ್ನೂ ತೆರೆದಳು. ಅಲ್ಲೂ ನಾಳವಿಲ್ಲ.

“ಉಪ್ಪುನೀರೂ ಔಷಧ ಆಯ್ತಲ್ರೀ ಸರ್,” ಎಂದಳು.

“ಅವು ಕೆಟ್ಟಿರಬೇಕು ಬಿಡವಾ. ಮದ್ದಿನವಷ್ಟೇ ಬರಿ. ಫೆಲೋಶಿಪ್ ಮುಗೀಲಿಕತ್ತದ.”

“ಇವು ಹುಂಜದ ಮುಖ ನೋಡಿದ ಕೋಳಿ ತತ್ತಿ ಅಲ್ರೀ, ಫಾರಂನವು. ಮರೀನೇ ಇಲ್ಲಂದ ಮ್ಯಾಲೆ ನಾಳ ಎಲ್ಲಿಂದ ಬರ್ಬೇಕು?”

ಅಷ್ಟರಲ್ಲಿ ಬಂದ ಭಜಿಯನ್ನು ವಿಜ್ಞಾನ ವಿಭಾಗ ತಿಂದು ಮುಗಿಸಿತು.

ಮರುದಿನ ಆಕೆಯ ಜತೆ ನಾನೂ ಬಸ್ಸು ಹಿಡಿದು ಹತ್ತಿರದ ಕಮಲಾಪುರಕ್ಕೆ ಹೋದೆ. ಕೆಂಪು ಬಾಳೆಗೊನೆ ಒರಗಿಸಿಟ್ಟಿದ್ದ ಅಂಗಳದಲ್ಲಿ ಒಬ್ಬ ಅಜ್ಜಿ ಜವಾರಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು.

“ಹುಂಜ ಅದ ಏನ್ ಆಯಿ ನಿಮ್ಮಲ್ಲಿ?” ಆಕೆ ಕೇಳಿದ ಮೊದಲ ಪ್ರಶ್ನೆಯೇ ಅದು.

“ಅದ. ಇಡೀ ಓಣಿಗೆ ಅಳಿಯ ಆಗ್ಯಾದ. ನಿಂಗ್ಯಾಕ ಯವ್ವಾ ಅದರ ಉಸಾಬರಿ?”

“ತತ್ತಿ ಬೇಕಾಗ್ಯಾವ.”

ಅಜ್ಜಿ ಆಕೆಯ ಹಣೆಯ ವಿಭೂತಿ ನೋಡಿದಳು. “ಮನ್ಯಾಗ ಹೇಳಿ ಬಂದೀ ಇಲ್ಲೋ?”

“ಹೇಳೀನಿ. ಅತ್ತಿಯವರೇ ಬುಟ್ಟಿ ಕೊಟ್ಟಾರ. ವಾಪಸ್ ತರಬ್ಯಾಡ ಅಂದಾರ.”

ಹೊಟ್ಟಿನಲ್ಲಿ ಮೊಟ್ಟೆ ಹುದುಗಿಸಿದ ಆ ಬುಟ್ಟಿಯನ್ನು ಹಿಡಿದು, ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಸೀಟಿನಿಂದ ಎದ್ದು ನಿಲ್ಲುತ್ತ ಆಕೆ ಕಲಬುರಗಿ ಮುಟ್ಟಿದಳು. ರಾಷ್ಟ್ರಗೀತೆಗೂ ಯಾರೂ ಅಷ್ಟು ಶ್ರದ್ಧೆಯಿಂದ ಎದ್ದದ್ದನ್ನು ನಾನು ಕಂಡಿಲ್ಲ.

ಮತ್ತೆ ಕಾವು ಕೊಟ್ಟೆವು. ಈ ಸಲ ಆಕೆ ಮೊದಲು ತೆರೆದದ್ದು ಉಪ್ಪುನೀರಿನವನ್ನು. ಪೊರೆಯ ತುಂಬ ಕೆಂಪು ನಾಳಗಳು ಕವಲೊಡೆದಿದ್ದವು. ಮದ್ದಿನ ಮೊಟ್ಟೆಗಳಲ್ಲಿ ಅವೇ ನಾಳಗಳು ಬಿಲ್ಲೆಯ ಹತ್ತಿರ ಬಂದು ನಿಂತುಬಿಟ್ಟಿದ್ದವು. ನಾಲ್ಕಾರರಲ್ಲಿ ಮಾತ್ರ ಮುಲಾಜಿಲ್ಲದೆ ನುಗ್ಗಿದ್ದವು. ಆಕೆ ಎರಡನ್ನೂ ಬರೆದುಕೊಳ್ಳತೊಡಗಿದಳು.

“ನುಗ್ಗಿದ್ದೂ ಬರೀಲೇಬೇಕೇನವಾ?” ಗುರುಗಳು ಮೆಲ್ಲಗೆ ಕೇಳಿದರು.

“ಬರೀಬೇಕ್ರೀ ಸರ್. ನಾಳೆ ಇದನ್ನ ಯಾರಿಗ್ಯಾದ್ರೂ ಚುಚ್ಚೋರದಾರ.”

ಪ್ರಬಂಧದಲ್ಲಿ ನುಗ್ಗಿದ ನಾಳಗಳಿಗೂ ಒಂದು ಪುಟ ಸಿಕ್ಕಿತು, ಆಕೆಗೆ ಪದವಿ ಸಿಕ್ಕಿತು. ಪೆಪ್ಟೈಡ್ ಇನ್ನೂ ಔಷಧದ ಅಂಗಡಿಗೆ ಬಂದಿಲ್ಲ.