ಹಾಜರಿ ಪುಸ್ತಕದ ಹಿಂದಿನ ಕೋತಿ

ಆ ಭಾನುವಾರವೂ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಅತ್ತೆಗೆ ಸಕ್ಕರೆಯಿಲ್ಲದ ಕಾಫಿ, ಯಜಮಾನರಿಗೆ ಎರಡು ಚಮಚ ಸಕ್ಕರೆಯ ಕಾಫಿ ಕೊಟ್ಟೆ. ಲೋಟ ಅದಲುಬದಲಾದರೆ ಇಬ್ಬರಿಗೂ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ನಾನು ಹೊಸ ಸೀರೆ ಉಟ್ಟದ್ದು ಮಾತ್ರ ಬಸ್ಸು ಶಿಡ್ಲಘಟ್ಟ ದಾಟಿದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಚಿಕ್ಕಬಳ್ಳಾಪುರಕ್ಕೆ ಸಿನಿಮಾ ನೋಡಲು ಹೊರಟಿದ್ದೆವು. ದೈತ್ಯ ಕೋತಿಯ ಹಳೆಯ ಇಂಗ್ಲಿಷ್ ಚಿತ್ರವೊಂದನ್ನು ಹೊಸದಾಗಿ ತೆಗೆದಿದ್ದರು. ಮದುವೆಯಾದ ಮೇಲೆ ನಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಸಿನಿಮಾ ಅದು.

ಕಾನ್ವೆಂಟಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಆ ಹಳೆಯ ಚಿತ್ರ ತೋರಿಸಿದ್ದರು. ಕೋತಿ ಹುಡುಗಿಯನ್ನು ಎತ್ತಿಕೊಂಡು ಗುಹೆಗೆ ಹೋಗುತ್ತಿದ್ದಂತೆ ನಮ್ಮ ಸಿಸ್ಟರ್ ಎದ್ದು ಪ್ರೊಜೆಕ್ಟರಿನ ಬೆಳಕಿಗೆ ಹಾಜರಿ ಪುಸ್ತಕ ಅಡ್ಡ ಹಿಡಿದರು. ಕತ್ತಲಲ್ಲಿ ಬರೀ ಗುರುಗುಟ್ಟುವಿಕೆ. ಪುಸ್ತಕ ಸರಿದಾಗ ಹುಡುಗಿ ಹೊರಗಿದ್ದಳು, ಅವಳ ಕೂದಲೂ ಕೆದರಿರಲಿಲ್ಲ. ಒಳಗೆ ಏನಾಯಿತೆಂದು ಕೇಳಿದ್ದಕ್ಕೆ ನನ್ನನ್ನು ಪ್ರಾರ್ಥನೆಗೆ ಕಳಿಸಿದರು. ಅಂದಿನಿಂದ ಆ ಗುಹೆಯೊಳಗೆ ಇಣುಕಬೇಕೆಂಬುದು ನನ್ನ ಜೀವನದ ಏಕೈಕ ಸಾಹಸ.

ಆಂಧ್ರದ ಗಡಿಯ ನಮ್ಮ ಕಡೆಯ ವಾಡಿಕೆಯಂತೆ ಚಿತ್ರ ತೆಲುಗಿನಲ್ಲಿತ್ತು. ದೊರೆಸಾನಿ ಅಚ್ಚ ತೆಲುಗಿನಲ್ಲಿ ಕಿರುಚಿದಳು. ಕೋತಿಯೊಂದೇ ಮಾತೃಭಾಷೆ ಬಿಟ್ಟುಕೊಟ್ಟಿರಲಿಲ್ಲ. ಯಜಮಾನರು ಅದರ ಜೊತೆ ಪೈಪೋಟಿಗೆ ಬಿದ್ದವರಂತೆ ಗೊರಕೆ ಹೊಡೆಯುತ್ತಿದ್ದರು. ಕೊನೆಗೂ ಗುಹೆಯ ಬಾಯಿ ಕಂಡಿತು. ನಾನು ಕುರ್ಚಿಯ ತುದಿಗೆ ಬಂದೆ. ಅತ್ತೆ ನನ್ನ ಮೊಣಕೈ ತಿವಿದರು.

"ತಡಿಯಕ್ಕಾಗಲ್ಲ ಕಣಮ್ಮ, ಬಾತ್‌ರೂಮಿಗೆ ಕರ್ಕೊಂಡೋಗು."

"ಒಂದೈದು ನಿಮಿಷ ಅತ್ತೆ..."

"ಆ ಕೋತಿ ಕಾಯ್ಲಿ ಐದು ನಿಮಿಷ. ನನ್ ಕೈಲಾಗಲ್ಲ."

ಕೋತಿ ಕಾಯಲಿಲ್ಲ. ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡು, "ಕೋತಿ ನೋಡಕ್ಕೆ ಟಿಕೆಟ್ ಯಾಕಮ್ಮ? ನಂದಿ ಬೆಟ್ಟಕ್ಕೆ ಹೋಗಿದ್ರೆ ಕೈಲಿರೋ ಕಡ್ಲೆಕಾಯಿ ಕಿತ್ಕೊಂಡು ದರ್ಶನ ಕೊಡ್ತಿದ್ವು" ಅಂದರು. ಒಳಗೆ ಬಂದಾಗ ನಮ್ಮ ಕೋತಿಯನ್ನು ಸರಪಳಿಯಲ್ಲಿ ಕಟ್ಟಿ ಹಡಗಿಗೆ ಏರಿಸಿಯಾಗಿತ್ತು. ಯಜಮಾನರನ್ನು ಅಲುಗಾಡಿಸಿ, "ಗುಹೇಲಿ ಏನಾಯ್ತು?" ಅಂದೆ.

"ಯಾವ ಗುಹೆ?" ಅಂದರು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದೆ. ಪಕ್ಕದ ಮನೆಯಾಕೆ ಅವರ ಮಹಡಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರು ಹಿಂದಿನ ವಾರವೇ ಆ ಚಿತ್ರ ನೋಡಿ ಬಂದಿದ್ದರು. ತೀರಾ ಸಾಧಾರಣವಾಗಿ, ಟವೆಲು ಮಡಚುತ್ತಾ, ಗುಹೆಯ ವಿಷಯ ತೆಗೆದೆ.

"ಅದಾ? ಅಲ್ಲೇನೂ ಇಲ್ಲ ಬಿಡ್ರೀ" ಎಂದರು ಆಕೆ, ತಲೆಯೆತ್ತದೆ. "ಮಳೆ ಸೋರ್ತಿರತ್ತಂತೆ, ಕೋತಿ ಆ ಹುಡುಗಿ ತಲೆ ಮೇಲೆ ಕೈ ಅಡ್ಡ ಹಿಡ್ಕೊಂಡು ಸುಮ್ನೆ ಕೂತಿರತ್ತಂತೆ. ನಮ್ಮನೇವ್ರು ಹೇಳಿದ್ದು. ನಾನೆಲ್ಲಿ ನೋಡ್ದೆ, ಅಷ್ಟೊತ್ತೂ ಆಚೆ ಮೊಮ್ಮಗೂಗೆ ಹಾಲು ಕುಡಿಸ್ತಿದ್ದೆ."