ಹೊಳೆ ಬೀಸುತ್ತಿದ್ದ ಊರು

ಎಪ್ಪತ್ತರ ದಶಕದ ಕೊನೆಯಲ್ಲಿ ಬೋರ್‌ವೆಲ್ ಕೆಲಸಕ್ಕೆ ಕೊರಟಗೆರೆ ಕಡೆ ಬಂದಿದ್ದ ಒಬ್ಬ ಜರ್ಮನ್ ಇಂಜಿನಿಯರಿಗೆ ನಾನು ದುಭಾಷಿ. ಅವತ್ತು ಬೆಳಿಗ್ಗೆ ಜೀಪಿನಲ್ಲಿ ಅವನ ಮುಂದೆ ಜಂಬ ಕೊಚ್ಚಿದ್ದೆ. ಮಿಲ್ಲಿನ ಹಿಟ್ಟಿನ ಮುದ್ದೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ನಮ್ಮ ಮನೆಯಲ್ಲಿ ಇವತ್ತಿಗೂ ಬೀಸೋ ಕಲ್ಲೇ ಅಂತ.

ಕೊಳಾಲದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿಯಲು ಕೂತೆವು. ಮೂಲೆಯಲ್ಲಿದ್ದ ಬೀಸೋ ಕಲ್ಲು ಕಂಡು ಅವನು ಪರ್ಸಿನಿಂದ ಒಂದು ಫೋಟೋ ತೆಗೆದ. ಅವರೂರಿನ ಹೊಳೆದಂಡೆಯ ಹಳೇ ಗಿರಣಿ, ಹೊಳೆ ನೀರಿನ ರಭಸಕ್ಕೆ ತಿರುಗುವ ಗೋಡೆಯೆತ್ತರದ ಮರದ ಚಕ್ರ. ಅವನ ಮುತ್ತಜ್ಜನಿಗೂ ಹಿಂದಿನ ಕಾಲದಿಂದ ಇಡೀ ಊರಿನ ಗೋಧಿಯನ್ನು ಆ ಹೊಳೆಯೇ ಬೀಸುತ್ತಿತ್ತಂತೆ. ಕರೆಂಟು ಬಂದ ಮೇಲೆ ಚಕ್ರ ನಿಂತಿತಂತೆ. ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ.

ಮನೆಯ ಅಜ್ಜಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿತು, "ಹೊಳೆನೇ ಬೀಸ್ತಿತ್ತಾ? ಅಂಗಾದ್ರೆ ಕೋಳಿ ಕೂಗೋ ಹೊತ್ನಾಗೆ ಹೆಂಗಸ್ರು ಏನ್ ಮಾಡ್ತಿದ್ರಂತೆ?"

ಅವನನ್ನು ಕೇಳಿ ಹೇಳಿದೆ, "ಮಲಗಿರ್ತಿದ್ರಂತೆ."

ಅಜ್ಜಿ ತನ್ನ ಅಂಗೈ ಸವರಿಕೊಂಡಿತು. "ಪುಣ್ಯವಂತ್ರು ಕಣಪ್ಪ. ಈ ಮನೇಗೆ ನಾನೇ ಹೊಳೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ನಗಲಿಲ್ಲ. ನನ್ನ ಬೆಳಗಿನ ಮಾತು ನೆನಪಿಸಿಕೊಂಡು, ಕುಹಕವೇನೂ ಇಲ್ಲದೆ ಕೇಳಿದ: "ನಿಮ್ಮ ಮನೆಯಲ್ಲಿ ಹೊಳೆ ಯಾರು?"

ಹೆಂಡತಿಯ ಬೊಬ್ಬೆಯೆದ್ದ ಕೈ ಕಣ್ಮುಂದೆ ಬಂತು. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

"ಏನಂತಪ್ಪಾ?" ಅಜ್ಜಿ ಕೇಳಿತು.

"ಮಜ್ಜಿಗೆ ಬಲು ಚೆನ್ನಾಗೈತಂತೆ," ಅಂದೆ.

ಅಜ್ಜಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಅವನಿಗೆ ಇನ್ನೊಂದು ಲೋಟ ತಂದುಕೊಟ್ಟಿತು. ನನಗೆ ಬೇಕಾ ಅಂತ ಕೇಳಲಿಲ್ಲ.