ಲಕ್ಷ್ಮಕ್ಕನ ಹೆಸರು ಹೇಳಿದ್ದು ಮರೆವಿನಿಂದಲ್ಲ

ಇಲ್ಲಿ ಪ್ರಾರ್ಥನೆಗೆ ಬಂದವರು ಚಪ್ಪಲಿ ಬಿಚ್ಚುವುದಿಲ್ಲ. ಕೆಸರು ಮೆತ್ತಿದ ಬೂಟಿನಲ್ಲೇ ಶಿಲುಬೆಯ ಮುಂದೆ ಹೋಗಿ ನಿಲ್ಲುತ್ತಾರೆ. ನಾನು ಊರಿನ ಅಭ್ಯಾಸದಂತೆ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದೆ. ಆ ಚಳಿಯಲ್ಲಿ ಬರೀ ಕಾಲುಚೀಲದಲ್ಲಿ ನಿಂತ ಮುದುಕಿಯನ್ನು ಕಂಡು ಯಾವುದೋ ದೇಶದ ಹುಡುಗಿಯೊಬ್ಬಳು ಓಡಿಹೋಗಿ ನನ್ನ ಬೂಟು ತಂದು ಕಾಲಿಗೆ ಹಾಕಿದಳು.

ಜೆನಿ, ರೋಶನ್, ನೀವಿಬ್ಬರೂ ಕುಶಾಲನಗರದ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆಸ್ಟ್ರಿಯಾದ ಆ ಪ್ರಾರ್ಥನಾ ಕೂಟವನ್ನು ನೋಡಿದಿರಂತೆ. ತಾತನ ಹೆಸರು ಬಿಟ್ಟು ಅಜ್ಜಿ ಬೇರೆ ಯಾರದ್ದೋ ಹೆಸರು ಹೇಳಿದ್ದು ಯಾಕೆ ಅಂತ ಕೇಳಿದಿರಂತೆ. "ಅಜ್ಜಿಗೆ ವಯಸ್ಸಾಯ್ತಲ್ಲ, ಮರೆವು" ಎಂದು ನಿಮ್ಮ ರೀಟಾ ಅತ್ತೆ ಫೋನಿನಲ್ಲಿ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಂದಿರುವುದು ಮರೆವಲ್ಲ, ಸಿಟ್ಟು.

ಮಗಳು ರೀಟಾಳ ಮಗುವನ್ನು ನೋಡಿಕೊಳ್ಳಲು ಜರ್ಮನಿಗೆ ಬಂದವಳು ಇಲ್ಲೇ ಉಳಿದೆ. ಮೂರನೇ ಮಹಡಿಯ ಮನೆ. ಭಾನುವಾರ ಇಲ್ಲಿ 'ರೂಹೆ', ಅಂದರೆ ಸದ್ದು ಮಾಡಬಾರದು. ಮಿಕ್ಸಿಯಲ್ಲಿ ಕಾಯಿ ರುಬ್ಬಿದರೂ ಕೆಳಗಿನ ಮನೆಯವಳು ಹತ್ತಿಬಂದು ಬಾಗಿಲು ಬಡಿಯುತ್ತಾಳೆ. ನಮ್ಮೂರಿನಲ್ಲಿ ಭಾನುವಾರ ಬಾಗಿಲು ಬಡಿದರೆ ಯಾರೋ ಕೆಸುವಿನ ಸೊಪ್ಪು ತಂದಿದ್ದಾರೆ ಎಂದರ್ಥ. ಬ್ರೆಡ್ ಕೇಳುವಷ್ಟು ಭಾಷೆ ಕಲಿತಿದ್ದೇನೆ. ಬೇಕರಿಯವಳು 'ಓಮಾ' ಎನ್ನುತ್ತಾಳೆ, ಅಜ್ಜಿ ಅಂತ. ಅಷ್ಟೇ ಸಾಕು, ಆ ದಿನ ಚೆನ್ನಾಗಿರುತ್ತದೆ.

ಸೋಮವಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಲಕ್ಷ್ಮಕ್ಕ ಬೇಲಿಯಾಚೆ ಗೌಡರ ಮನೆಯವಳು. ನಿಮಗೆ ಅವಳು ಸೀಬೆಹಣ್ಣು ಕೊಡುತ್ತಿದ್ದ ಅಜ್ಜಿ, ಅಷ್ಟೇ. ನಿಮ್ಮ ತಾತ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡ ವರ್ಷ, ಪಿತೃಪಕ್ಷದಲ್ಲಿ ತನ್ನ ಮನೆಯ ಹಿರಿಯರಿಗೆ ಎಡೆ ಇಡುವಾಗ ಅವಳು ಒಂದು ಬಾಳೆಲೆ ಹೆಚ್ಚಿಗೆ ಹಾಕಿದಳು. ಕಡುಬು, ಕೋಳಿಸಾರು, ಪಕ್ಕದಲ್ಲಿ ಬೆಲ್ಲದ ಕಾಫಿ.

"ಇದ್ಯಾರಿಗಕ್ಕ?" ಎಂದೆ.

"ನಿನ್ ಗಂಡಂಗೆ ಕಣೆ. ನೀವು ಬರೀ ಮೇಣದಬತ್ತಿ ಹಚ್ಚಿ ಕಳಿಸ್ತೀರ. ಅದನ್ನ ತಿನ್ನಕ್ಕಾಯ್ತದಾ?"

ನಿಮ್ಮ ತಾತ ಹೋದ ಮೇಲೆ ನಾನು ಮೊದಲು ನಕ್ಕಿದ್ದು ಅವತ್ತು. ಅಲ್ಲಿಂದ ಯಾವ ವರ್ಷವೂ ಆ ಎಲೆ ತಪ್ಪಲಿಲ್ಲ. ನಾನೂ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಅವಳ ಗಂಡನ ಹೆಸರು ಕೊಡುತ್ತಿದ್ದೆ. ಫಾದರ್ ಎಲ್ಲರ ಜೊತೆ ಓದುತ್ತಿದ್ದರು: ತೋಮಸ್, ಅಂತೋಣಿ, ಈರೇಗೌಡ. ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಲಕ್ಷ್ಮಕ್ಕ ಹೋದಳು. ನಾನು ಇಲ್ಲಿದ್ದೆ. ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ.

ಆಸ್ಟ್ರಿಯಾದಲ್ಲಿ ಹಲವು ದೇಶದವರ ಪ್ರಾರ್ಥನಾ ಕೂಟವಿದೆ, ದೇಶಕ್ಕೊಬ್ಬ ವಿಧವೆ ಮೇಣದಬತ್ತಿ ಹಿಡಿದು ತನ್ನ ಕಡೆಯ ಸತ್ತವರ ಹೆಸರು ಹೇಳಬೇಕು ಎಂದು ಇಲ್ಲಿಯ ಚರ್ಚಿನವರು ಕೇಳಿದಾಗ, ಜನ ಕಂಡರೆ ಹೆದರುವ ನಾನು ಹೂಂ ಎಂದದ್ದು ಅದಕ್ಕೇ. ಬಸ್ಸು ಗಡಿ ದಾಟಿದ್ದೇ ತಿಳಿಯಲಿಲ್ಲ. ಕುಟ್ಟದಲ್ಲಿ ಕೇರಳಕ್ಕೆ ದಾಟುವಾಗಲಾದರೂ ಒಂದು ಗೇಟು ಸಿಗುತ್ತದೆ. ಇವರ ಗೇಟು ಬೇರೆ ಕಡೆ ಇತ್ತು.

ನಮ್ಮ ಗುಂಪಿನ ಮುಖಂಡೆ ಏಲಿಯಮ್ಮ ಕುಟ್ಟದ ಕಡೆಯ ಮಲಯಾಳಿ. ಯಾರ ಹೆಸರು ಹೇಳುತ್ತೀರಿ ಎಂದಳು. ನಿಮ್ಮ ತಾತನದು, ಲಕ್ಷ್ಮಕ್ಕನದು, ಇಬ್ಬರದನ್ನೂ ಹೇಳಿದೆ.

"ಅಮ್ಮಚ್ಚೀ, ಲಕ್ಷ್ಮಿ ಅಂದ್ರೆ ನಮ್ಮೋರಲ್ಲ ಅಲ್ವಾ? ಇಲ್ಲಿ ಅದೆಲ್ಲ ಬೇಡ. ಯಜಮಾನರ ಹೆಸರು ಹೇಳಿ ಇಳೀರಿ. ಒಂದೇ ಹೆಸರು."

ರೀಟಾಳ ಮುಖ ನೋಡಿದೆ. "ಸುಮ್ನಿರಮ್ಮ. ನಾಳೆ ಇವರ ಜೊತೆ ಓಡಾಡಬೇಕಾದೋಳು ನಾನು," ಎಂದಳು. ಲಕ್ಷ್ಮಕ್ಕನ ಕಂಕುಳಲ್ಲಿ ಬೆಳೆದ ಹುಡುಗಿ!

"ಒಂದೇನಾ?" ಎಂದು ಏಲಿಯಮ್ಮನನ್ನು ಮತ್ತೆ ಕೇಳಿದೆ.

"ಒಂದೇ."

ವೇದಿಕೆ ಹತ್ತಿದೆ. ಮುಂದೆ ಎಲ್ಲ ಬಣ್ಣದ ಮುಖಗಳು. ಬತ್ತಿಯ ಮೇಣ ಬೆರಳ ಮೇಲೆ ಹರಿಯುತ್ತಿತ್ತು. ಮೈಕಿಗೆ ಬಾಯಿ ಹತ್ತಿರ ಮಾಡಿ, "ಸೋಮವಾರಪೇಟೆಯ ಲಕ್ಷ್ಮಕ್ಕ" ಎಂದೆ. ಸಭೆಯೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಅವಳಿಗಾಗಿ ಒಟ್ಟಿಗೆ ಪ್ರಾರ್ಥಿಸಿತು. ಏಲಿಯಮ್ಮ ಒಬ್ಬಳು ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ರೀಟಾ, "ಅಪ್ಪನ ಹೆಸರು ಹೇಳಕ್ಕೆ ನಾಲಿಗೆ ಏಳಲಿಲ್ವಾ?" ಎಂದಳು.

"ನಿಮ್ಮಪ್ಪನಿಗೆ ಇಷ್ಟು ವರ್ಷ ಊಟ ಹಾಕಿದ್ದು ಯಾರು? ನೀನಾ?" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಮನೆಯಲ್ಲಿ ದಿನವೂ ರೂಹೆ.

ಮಕ್ಕಳೇ, ಈ ಸಲದ ಪಿತೃಪಕ್ಷಕ್ಕೆ ಲಕ್ಷ್ಮಕ್ಕನ ಮಗನ ಮನೆಗೆ ಹೋಗಿ. ನಿಮ್ಮ ತಾತನ ಎಲೆ ಹಾಕಿದ್ದಾರಾ ನೋಡಿ. ಹಾಕಿರದಿದ್ದರೆ ಕೇಳಿ ಹಾಕಿಸಿ, ನಾಚಬೇಡಿ. ನವೆಂಬರಿನಲ್ಲಿ ಫಾದರ್ ಹತ್ತಿರ ಈರೇಗೌಡರ ಜೊತೆಗೆ ಅವಳ ಹೆಸರನ್ನೂ ಕೊಡಿ.

ಇಲ್ಲಿ ಸಮಾಧಿಯ ಜಾಗವೂ ಬಾಡಿಗೆಗೆ, ಅವಧಿ ಮುಗಿದರೆ ಬೇರೆಯವರಿಗೆ. ಇಲ್ಲಿಯ ಮಗು ನನ್ನ ಸೆರಗು ಬಿಡುವುದಿಲ್ಲ, ಬಿಟ್ಟು ಬರಲು ನನಗೂ ಆಗುವುದಿಲ್ಲ. ನನ್ನನ್ನು ಯಾವ ಮಣ್ಣಿಗೆ ಹಾಕುತ್ತಾರೋ ತಿಳಿಯದು. ಎಲ್ಲಿ ಹಾಕಿದರೂ ಎಲೆ ಮಾತ್ರ ಆ ಬೇಲಿಯಾಚೆಯ ಮನೆಯಲ್ಲಿ ಹಾಕಿಸಿ, ಲಕ್ಷ್ಮಕ್ಕನ ಎಲೆಯ ಪಕ್ಕದಲ್ಲಿ. ನನ್ನ ಕಾಫಿಗೆ ಬೆಲ್ಲ ಕಡಿಮೆ.